ಮೂಗಣ್ಣನಿಗೆ ವಾಸನೆ ಬರುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಷಟರ್ ದಾಟಿ ಒಳಗೆ ಬಗ್ಗಿದರೆ, ಹಳೆಯ ಬಿಳಿ ಕಾರೊಂದರ ಕೆಳಗಿಂದ ಎರಡು ಪಾದಗಳು ಮಾತ್ರ ಕಾಣುತ್ತಿವೆ. ಆ ಪಾದಗಳ ಯಜಮಾನರು ಅಂಗಾತ ಮಲಗಿ, ಹಿಂದಿನ ಸಂಜೆ ತಾವೇ ಹಾಸಿಟ್ಟ ರಟ್ಟನ್ನು ಅಂಗೈಯಿಂದ ಸವರುತ್ತಿದ್ದಾರೆ. "ಒಂದು ಹನಿ ಇಲ್ಲ," ಎನ್ನುತ್ತಾರೆ, ನನಗಲ್ಲ, ಕಾರಿಗೆ. "ಹಾಕಿದ ನೀರೆಲ್ಲಾ ಎಲ್ಲಿ ಬಚ್ಚಿಟ್ಟೆ ತಾಯಿ?"

ಬೀದಿಗೆಲ್ಲ ಇವರು ಮೂಗಣ್ಣ. ಮನೆಯವರು ಇಟ್ಟ ಹೆಸರು ಬೇರೆ ಇದೆ, ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಹಳೆಯ ಕಾರುಗಳ ಎಂಜಿನ್ನಿನಿಂದ ನೀರು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದೇ ಇವರ ಕಸುಬು. ಎಂಜಿನ್ ಕಾಯದಂತೆ ಅದರೊಳಗೆ ಸುತ್ತುತ್ತಿರುವ ಬಣ್ಣದ ನೀರಿಗೆ ಕೂಲೆಂಟ್ ಎನ್ನುತ್ತಾರೆ. ಬಿಸಿಯಾದಾಗ ಅದಕ್ಕೊಂದು ಸಿಹಿ ವಾಸನೆ. ಒಂದು ಕಾಲಕ್ಕೆ ಗಾಡಿ ಬಾಗಿಲಲ್ಲಿ ಬಂದು ನಿಂತರೆ ಸಾಕು, ಬಾನೆಟ್ ಎತ್ತುವ ಮೊದಲೇ ಇವರು "ಪಂಪು" ಅಥವಾ "ಮೇಲಿನ ಪೈಪು" ಎಂದು ಹೇಳಿಬಿಡುತ್ತಿದ್ದರಂತೆ. ಹೆಸರು ಅಂಟಿಕೊಂಡದ್ದು ಹಾಗೆ.

ಆಮೇಲೊಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ವೈದ್ಯರು ಬರುತ್ತೆ ಬರುತ್ತೆ ಎಂದರು, ವರ್ಷಗಳು ಕಳೆದವು, ಬರಲಿಲ್ಲ. "ಅಡುಗೆ ಸೀದು ಹೋದ್ರೂ ಗೊತ್ತಾಗಲ್ಲ ನನಗೆ," ಎಂದು ನಗುತ್ತಾರೆ. ಒಳಗಿನ ಕೋಣೆಯಿಂದ ಹೆಂಡತಿಯ ದನಿ ಬರುತ್ತದೆ: "ಅದೊಂದು ಒಳ್ಳೇದೇ ಆಯ್ತು ಬಿಡಿ, ಮೊದಲು ಸೀಯದಿದ್ರೂ ಸೀದಿದೆ ಅಂತಿದ್ರು!"

ಗ್ಯಾರೇಜಿನ ಹಿಂದಿನ ಆ ಕೋಣೆಯಲ್ಲಿ ಆಕೆ ಬಟ್ಟೆ ಹೊಲಿಯುತ್ತಾರೆ. ಗಂಡನ ಮೂಗು ಕೈಕೊಟ್ಟ ಮೇಲೆ ಆಕೆಗೆ ಇನ್ನೊಂದು ಕೆಲಸ ಗಂಟುಬಿದ್ದಿದೆ. ಗಾಡಿ ಬಂದಾಗೆಲ್ಲ ಹೊಲಿಗೆ ಬಿಟ್ಟೆದ್ದು, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿರುವಂತೆಯೇ ಎಂಜಿನ್ನಿನ ಮೇಲೆ ಬಗ್ಗಿ ಮೂಸಿ ನೋಡಿ, "ಎಡಗಡೆ, ಕೆಳಗೆ" ಎಂದು ಹೇಳಿ ಮತ್ತೆ ಹೋಗಿ ಕೂರುವುದು. ಇಂಥ ಜೋಡಿಯನ್ನು ನಾನೆಲ್ಲೂ ಕಂಡಿಲ್ಲ, ಹೇಳುತ್ತಿದ್ದೇನೆ ಕೇಳಿ. ಆದರೆ ಇವರ ಬಗ್ಗೆ ಬರೆಯಲೆಂದು ನಾನು ಹೋದ ದಿನವೇ ಆಕೆಗೆ ಜೋರು ನೆಗಡಿ. ಮನೆಯಲ್ಲಿದ್ದ ಎರಡೂ ಮೂಗುಗಳು ರಜೆಯ ಮೇಲಿವೆ.

ಕಾರು ಮಾತ್ರ ಕಾಯುವಂತಿಲ್ಲ. ಅದು ಕಾರು ಓಡಿಸಲು ಕಲಿಸುವ ಟೀಚರಮ್ಮನದು. ಅವರ ಶಾಲೆಯೆಂದರೆ ಇದೊಂದೇ ಬಿಳಿ ಕಾರು. ಪಕ್ಕದ ಸೀಟಿನ ಕೆಳಗೂ ಕ್ಲಚ್ಚು, ಬ್ರೇಕು ಹಾಕಿಸಿರುವ ಗಾಡಿ. ಬೇರೆ ಯಾರದೋ ಕಾರನ್ನು ಎರವಲು ತಂದು ಪಾಠ ಮಾಡುವಂತಿಲ್ಲ. ಇಂದು ಬೆಳಿಗ್ಗೆ ಅವರ ವಿದ್ಯಾರ್ಥಿಗಳಿಗೆ ಲೈಸೆನ್ಸ್ ಪರೀಕ್ಷೆ ಬೇರೆ. ಕೆಲವು ವಾರಗಳಿಂದ ಕೂಲೆಂಟ್ ಎಷ್ಟು ಹಾಕಿದರೂ ಮಂಗಮಾಯ. ಬೇರೊಂದು ಗ್ಯಾರೇಜಿನವರು ನೋಡಿ, ಎಂಜಿನ್ನಿನ ತಲೆಯ ಕೆಳಗೆ ನೀರು ತಡೆಯುವ ಗ್ಯಾಸ್ಕೆಟ್ ಎಂಬ ಪದರ ಹೋಗಿದೆ, ನೀರು ಒಳಗೇ ಉರಿದು ಹೋಗುತ್ತಿದೆ, ಎಂಜಿನ್ ಬಿಚ್ಚಬೇಕು, ಇಷ್ಟು ಹಳೆಯ ಗಾಡಿಗೆ ಅಷ್ಟೆಲ್ಲ ಸುರಿಯುವ ಬದಲು ಗುಜರಿಗೆ ಹಾಕಿ ಎಂದರು. ಗುಜರಿಗೆ ಹಾಕಿದರೆ ಟೀಚರಮ್ಮನ ಶಾಲೆಯೂ ಅಲ್ಲಿಗೇ ಹೋದಂತೆ.

"ಅವರು ಹೇಳಿದ್ದು ನಿಜಾನೂ ಇರಬಹುದು," ಎನ್ನುತ್ತಾರೆ ಮೂಗಣ್ಣ, ಕಾರಿನ ಕೆಳಗಿಂದ ಈಚೆ ಬಂದು. "ಆದ್ರೆ ಗೊತ್ತಾಗಲಿಲ್ಲ ಅನ್ನೋದು ಬೇರೆ, ಹಾಳಾಗಿದೆ ಅನ್ನೋದು ಬೇರೆ. ಗೊತ್ತಾಗೋವರೆಗೂ ನಾನು ಎಂಜಿನ್ ಬಿಚ್ಚೋಕೆ ಕೈ ಹಾಕಲ್ಲ."

ಇವರು ಕೆಲಸ ಶುರು ಮಾಡುವುದು ಸೂರ್ಯನಿಗಿಂತ ಮೊದಲು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಾದ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರ ಕಥೆಗಳು ಇವರ ಹತ್ತಿರ ಬೇಕಾದಷ್ಟಿವೆ. ಈಗ ರೇಡಿಯೇಟರಿನ ಬಾಯಿಗೆ ಕೈಪಂಪೊಂದನ್ನು ಕೂರಿಸಿ ಗಾಳಿ ಒತ್ತುತ್ತಾರೆ. ಗಾಡಿ ಓಡುವಾಗ ಒಳಗೆ ಎಷ್ಟು ಒತ್ತಡ ಇರುತ್ತದೋ ಅಷ್ಟೇ. ಎಲ್ಲೂ ತೂತಿಲ್ಲದಿದ್ದರೆ ಪಂಪಿನ ಮುಳ್ಳು ನಿಂತಲ್ಲೇ ನಿಲ್ಲಬೇಕು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತೇವೆ. ಮುಳ್ಳು ಬಹಳ ನಿಧಾನವಾಗಿ, ಯಾರಿಗೂ ಗೊತ್ತಾಗಬಾರದು ಎನ್ನುವ ಹಾಗೆ ಇಳಿಯುತ್ತದೆ.

"ನೋಡಿ, ಸೋರ್ತಾ ಇದೆ," ಎನ್ನುತ್ತಾರೆ. ಮೂಗು ಹೋದ ಮೇಲೆ ಇವರು ಕಲಿತ ವಿದ್ಯೆಯೆಲ್ಲ ಬೆರಳಲ್ಲಿದೆ, ಕಿವಿಯಲ್ಲಿದೆ. ಪ್ರತಿ ಪೈಪಿನ ಕೆಳಮೈಯನ್ನು ಹಳೇ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ನಿನ ನೀರಿನ ಪಂಪಿನ ಸುತ್ತ ಆಡಿಸಿ ಗಾಳಿಯ ಸದ್ದಿಗೆ ಕಾಯುತ್ತಾರೆ. ಬಟ್ಟೆಗೆ ಬರೀ ಧೂಳು, ಕಿವಿಗೆ ಬರೀ ಬೀದಿನಾಯಿಯ ಬೊಗಳಾಟ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡುತ್ತಾರೆ, ನೀರು ಒಳಗೆ ಹೋಗಿದ್ದರೆ ಒದ್ದೆಯಿರಬೇಕಿತ್ತು, ಒಣಗಿವೆ. ಎಂಜಿನ್ ಆಯಿಲ್ ನೋಡುತ್ತಾರೆ, ನೀರು ಬೆರೆತಿದ್ದರೆ ಹಾಲಿನ ಹಾಗೆ ಬೆಳ್ಳಗಾಗಬೇಕಿತ್ತು, ಆಗಿಲ್ಲ. ಹಾಗಾದರೆ ಆ ಗ್ಯಾಸ್ಕೆಟ್ ಮೇಲಿನ ಆರೋಪ ಸುಳ್ಳಿರಬೇಕು. ಮತ್ತೆ ನೀರೆಲ್ಲಿ?

ಹೆಂಡತಿ ಎದ್ದು ಬರುತ್ತಾರೆ. "ಸರೀರಿ, ನಾನೊಂದ್ಸಲ ನೋಡ್ತೀನಿ."

"ಬೇಡ ಕಣೇ, ನೆಗಡಿಯಲ್ಲಿ ಏನು ಗೊತ್ತಾಗತ್ತೆ ನಿನಗೆ?"

ಆಕೆ ಕೇಳುವವರಲ್ಲ. ಬಗ್ಗಿ, ಮೂಗೇರಿಸಿ, ಇಡೀ ಎಂಜಿನ್ ನಡುಗುವಂತೆ ಸೀನಿ, ಕಣ್ಣೊರೆಸಿಕೊಂಡು ವಾಪಸ್ ಹೋಗುತ್ತಾರೆ. ನನಗೆ ನಗು ತಡೆಯಲಾಗುವುದಿಲ್ಲ. ಮೂಗಣ್ಣ ನಗುವುದಿಲ್ಲ. ಸ್ಟೂಲಿನ ಮೇಲೆ ಕೂತು, ಸುಮ್ಮನೆ ಬಾನೆಟ್ ನೋಡುತ್ತಾ, ನಾನು ಕೇಳದೆಯೇ ಹೇಳುತ್ತಾರೆ: "ಜ್ವರ ಬಿಟ್ಟ ಹೊಸದರಲ್ಲಿ ಒಬ್ರು ತಮ್ಮ ವ್ಯಾನ್ ತಂದಿದ್ರು. ಎಲ್ಲಾ ಚೆನ್ನಾಗಿದೆ ಹೋಗಿ ಅಂದೆ. ವಾಸನೆ ಬರ್ತಿಲ್ಲ ಅಂದ್ರೆ ಸೋರ್ತಿಲ್ಲ ಅಂದ್ಕೊಂಡೆ ನಾನು. ಮೂಗು ಸತ್ತಿದೆ ಅನ್ನೋದು ತಲೆಗೇ ಬರಲಿಲ್ಲ. ದಾರಿಯಲ್ಲಿ ಎಂಜಿನ್ ಕಚ್ಕೊಂಡು ನಿಂತುಹೋಯ್ತು. ಪುಣ್ಯಾತ್ಮರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು."

ಆ ಮೇಲೆ ಒಂದಷ್ಟು ಕಾಲ ಷಟರ್ ಎಳೆದು ಮನೆಯಲ್ಲೇ ಕೂತಿದ್ದರಂತೆ. ಹೊರಗೆ ಎಳೆದು ತಂದದ್ದು ಹೆಂಡತಿ. "ನಿಮ್ಮ ಮೂಗು ಹೋಗಿದೆ, ನನ್ನದಿದೆ, ಏಳಿ" ಎಂದರಂತೆ. ಅಷ್ಟರಲ್ಲಿ ಷಟರ್ ಪೂರ್ತಿ ಮೇಲೆ ಹೋಗಿ, ಬೆಳಕಿನ ಜೊತೆ ಟೀಚರಮ್ಮನೂ ಒಳಗೆ ಬರುತ್ತಾರೆ.

ದಪ್ಪ ಕನ್ನಡಕ, ಎತ್ತಿ ಕಟ್ಟಿದ ಕೂದಲು, ಮೈದಾನದ ಆಚೆ ತುದಿಗೂ ಕೇಳಿಸುವ ದನಿ. "ಅಣ್ಣಾ, ಏನಾಯ್ತು? ಬಿಚ್ಚಲೇಬೇಕಾ? ಒಂದೇ ಮಾತಲ್ಲಿ ಹೇಳಿಬಿಡಿ." ದನಿ ಜೋರಿದ್ದರೂ ಬೆರಳುಗಳು ಚೀಲದ ಹಿಡಿಯನ್ನು ಹಿಸುಕುತ್ತಿವೆ.

"ಸ್ವಲ್ಪ ಕೂತ್ಕೊಳಿ ಟೀಚರಮ್ಮ."

ಕೂರಲು ಇದ್ದದ್ದೊಂದೇ ಸ್ಟೂಲು. ಆಕೆ ಅಭ್ಯಾಸಬಲದಿಂದ ಹೋಗಿ ಕಾರಿನಲ್ಲಿ ತಮ್ಮ ಎಂದಿನ ಜಾಗದಲ್ಲಿ, ಚಾಲಕನ ಪಕ್ಕದ ಸೀಟಿನಲ್ಲೇ ಕೂರುತ್ತಾರೆ. ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುತ್ತದೆ, ಜಾರುತ್ತದೆ. ಆಕೆ ಗೊಣಗಿಕೊಂಡು ಬಟ್ಟೆ ತೆಗೆದು ಪೆಡಲ್ ಒರೆಸುತ್ತಾರೆ. "ದಿನಾ ಇದೇ ಗೋಳು. ಕಲಿಯೋಕೆ ಬರೋರು ನೀರಿನ ಬಾಟಲಿ ಚೆಲ್ತಾರೆ, ನಾನು ಒರೆಸ್ತೀನಿ. ಎಷ್ಟು ಬೈದ್ರೂ ಅಷ್ಟೇ."

ಮೂಗಣ್ಣ ಎದ್ದು ನಿಲ್ಲುತ್ತಾರೆ. "ಮಳೆ ಬಂದಾಗ ಗಾಜಿನ ಒಳಗಡೆ ಜಿಡ್ಡು ಜಿಡ್ಡಾಗಿ ಮಂಜು ಕಟ್ಟತ್ತಾ?"

"ಕಟ್ಟತ್ತೆ. ಒರೆಸಿದ್ರೂ ಹೋಗಲ್ಲ. ಯಾಕೆ?"

"ಇಳೀರಿ ಟೀಚರಮ್ಮ, ಇಳೀರಿ."

ಪಕ್ಕದ ಪೆಡಲುಗಳಿಗೆಂದು ನೆಲಕ್ಕೆ ಒಂದು ತಗಡು ಬಿಗಿಸಿ, ಮೇಲೆ ರಬ್ಬರ್ ಹಾಸು ಹಾಕಿದ್ದಾರೆ. ಬೇರೆ ಕಾರಾಗಿದ್ದರೆ ಅಡಿಯಲ್ಲಿರುವುದು ಎಂದೋ ಕಣ್ಣಿಗೆ ಬೀಳುತ್ತಿತ್ತು. ಮೂಗಣ್ಣ ತಗಡನ್ನು ಬಿಚ್ಚಿ ಕೆಳಗಿನ ದಪ್ಪ ಬಟ್ಟೆಗೆ ಕೈ ಒತ್ತುತ್ತಾರೆ. ಅದು ಒದ್ದೆ ಮುದ್ದೆ. ಬೆರಳಿಗೆ ಬೆರಳು ಉಜ್ಜುತ್ತಾರೆ, ಜಾರುತ್ತದೆ. ಬಿಳಿ ಬಟ್ಟೆಗೆ ಒರೆಸಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ತಿಳಿ ಹಸಿರು.

"ಬಾಟಲಿ ನೀರು ಹಸಿರಿರಲ್ಲ," ಎನ್ನುತ್ತಾರೆ ಮೂಗಣ್ಣ. ಅವರ ಮುಖ ನೋಡಬೇಕಿತ್ತು ನೀವು!

ಮುಂದಿನ ಡ್ಯಾಶ್‌ಬೋರ್ಡಿನ ಹಿಂದೆ, ಚಳಿಗೆ ಬಿಸಿಗಾಳಿ ಬಿಡಲೆಂದು, ಇನ್ನೊಂದು ಪುಟಾಣಿ ರೇಡಿಯೇಟರ್ ಇದೆ. ತೂತು ಬಿದ್ದಿರುವುದು ಅದಕ್ಕೆ. ನೀರು ರಸ್ತೆಗೆ ಬೀಳದೆ ಒಳಗೆ ನೆಲದ ಬಟ್ಟೆಗೆ ಇಳಿಯುತ್ತಿತ್ತು, ಅಲ್ಲಿಂದ ಟೀಚರಮ್ಮನ ಚಪ್ಪಲಿಗೆ, ಚಪ್ಪಲಿಯಿಂದ ಪೆಡಲಿಗೆ, ಆವಿಯಾಗಿ ಗಾಜಿಗೆ.

"ಆ ಸಿಹಿ ವಾಸನೆ ಕಲಿಯೋರ ಸೆಂಟು ಅಂದ್ಕೊಂಡಿದ್ದೆ, ನಾನು ಹೀಟರ್ ಹಾಕೋದೇ ಇಲ್ಲವಲ್ಲ ಅಣ್ಣಾ!"

"ನೀವು ಹಾಕದಿದ್ರೂ ಈ ಗಾಡಿಯಲ್ಲಿ ಬಿಸಿನೀರು ಅದರೊಳಗೆ ಸುತ್ತುತ್ತಾನೇ ಇರತ್ತೆ. ಕೈ ಚೆನ್ನಾಗಿ ತೊಳ್ಕೊಳಿ, ಹಾಗೇ ಬಾಯಿಗೆ ಇಟ್ಕೋಬೇಡಿ. ವಿಷ ಅದು."

"ಅಯ್ಯೋ, ಆ ಮಕ್ಕಳನ್ನ ಸುಮ್ಮನೆ ಬೈದೆನಲ್ಲಪ್ಪಾ!" ಎಂದು ಟೀಚರಮ್ಮ ತಲೆ ಚಚ್ಚಿಕೊಳ್ಳುತ್ತಾರೆ. ನಗುತ್ತಿದ್ದಾರೋ ಅಳುತ್ತಿದ್ದಾರೋ ಅವರಿಗೇ ಗೊತ್ತಿಲ್ಲ.

ಎಂಜಿನ್ ಬಿಚ್ಚುವ ಮಾತೇ ಇಲ್ಲ. ಹೀಟರಿಗೆ ಹೋಗುವ ಪೈಪನ್ನೂ ಬರುವ ಪೈಪನ್ನೂ ಕಳಚಿ, ತುಂಡು ಲೋಹದ ಕೊಳವೆಯಿಂದ ಒಂದಕ್ಕೊಂದು ಜೋಡಿಸಿ, ಕ್ಲಿಪ್ ಬಿಗಿಯುತ್ತಾರೆ. ಇನ್ನು ಹೀಟರಿಗೆ ನೀರೇ ಹೋಗುವುದಿಲ್ಲ. ಮತ್ತೆ ಪಂಪು ಕೂರಿಸಿ ಒತ್ತುತ್ತಾರೆ. ನಾಲ್ವರೂ ಆ ಮುಳ್ಳನ್ನೇ ದಿಟ್ಟಿಸುತ್ತೇವೆ. ಹೆಂಡತಿ ತಂದ ಚಹಾ ಕೈಯಲ್ಲೇ ಆರುತ್ತದೆ. ಮುಳ್ಳು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಹೊಸ ಕೂಲೆಂಟ್ ತುಂಬಿ, ಎಂಜಿನ್ ಓಡಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಇನ್ನು ಸಾಕು ಎಂದು ಅವರಿಗೆ ಅನ್ನಿಸಿದ ಮೇಲೆಯೇ ಕೀಲಿ ಟೀಚರಮ್ಮನ ಕೈ ಸೇರುವುದು. ಟೀಚರಮ್ಮ ಪರೀಕ್ಷೆಗೆ ಹೊರಟಾಗ ಮೂಗಣ್ಣನ ಹೆಂಡತಿ ಗಂಡನ ತೋಳಿಗೊಂದು ಗುದ್ದು ಕೊಟ್ಟು ಹೊಲಿಗೆಗೆ ಮರಳುತ್ತಾರೆ.

ಇಷ್ಟಾಗಿ ಎರಡು ವಾರದ ಮೇಲೆ, ಈ ಬರಹಕ್ಕೊಂದು ಫೋಟೋ ಬೇಕೆಂದು ಮತ್ತೆ ಹೋಗುತ್ತೇನೆ. ಮೂಗಣ್ಣ ಇನ್ಯಾವುದೋ ಗಾಡಿಯೊಳಗೆ ಸೊಂಟದವರೆಗೂ ಇಳಿದಿದ್ದಾರೆ. ಫೋಟೋ ಎಂದರೆ ಸುತರಾಂ ಒಪ್ಪುವುದಿಲ್ಲ, "ಗಾಡಿದು ತೆಗೀರಿ" ಎನ್ನುತ್ತಾರೆ. ಅಷ್ಟರಲ್ಲಿ ಆ ಬಿಳಿ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡು, ಕುಲುಕುತ್ತಾ ಬಳುಕುತ್ತಾ ಬಂದು, ಸರಿಯಾಗಿ ಗ್ಯಾರೇಜಿನ ಎದುರಿಗೇ ಗಕ್ಕನೆ ನಿಂತು ಆಫಾಗುತ್ತದೆ. ನನ್ನ ಜೀವ ಬಾಯಿಗೆ ಬರುತ್ತದೆ. ಹಿಂದಿನ ವಾಹನಗಳು ಹಾರ್ನ್ ಬಾರಿಸತೊಡಗುತ್ತವೆ.

"ಅಣ್ಣಾ, ನಿಮ್ಮ ಗಾಡಿ ನಿಂತುಹೋಯ್ತು!" ಎಂದು ನಾನು ಕೂಗುತ್ತೇನೆ.

ಮೂಗಣ್ಣ ತಲೆ ಎತ್ತುವುದಿಲ್ಲ. ಕೈ ಸ್ಪ್ಯಾನರ್ ತಿರುಗಿಸುತ್ತಲೇ ಇದೆ.

"ಅದು ಕಲಿಯೋರು ಕ್ಲಚ್ ಬೇಗ ಬಿಟ್ಟಿದ್ದು ಕಣ್ರೀ," ಎನ್ನುತ್ತಾರೆ. "ಅದನ್ನ ಟೀಚರಮ್ಮ ಸರಿ ಮಾಡ್ತಾರೆ. ನನ್ನ ಕೆಲಸ ಸರಿಯಾಗೇ ಇದೆ."