ಓಡಿಹೋಗದ ನಾಯಿಮರಿ

ಗಿರಿಜಾ, ನಿನ್ನ ಹೊಟ್ಟೆಗೆ ಚುಚ್ಚಿದ ಆ ಹದಿನಾಲ್ಕು ಸೂಜಿಗಳಲ್ಲಿ ಒಂದೂ ಬೇಕಾಗಿರಲಿಲ್ಲ. ನಿನ್ನನ್ನು ಕಚ್ಚಿದ ನಾಯಿಮರಿ ಎಲ್ಲಿಗೂ ಓಡಿಹೋಗಿರಲಿಲ್ಲ. ಹರಪನಹಳ್ಳಿಯಲ್ಲಿ, ನಮ್ಮ ಅಕ್ಕನ ಮನೆಯಲ್ಲಿ, ಹಾಲು ಅನ್ನ ಉಂಡುಕೊಂಡು ಆರಾಮಾಗಿತ್ತು — ಅಲ್ಲಿ ಬಿಟ್ಟುಬಂದವಳು ನಾನೇ. ಇದಿಷ್ಟು ಮಾತು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ. ನಾನು ಹೊಲಿದ ಜಂಪರಿನ ಅಳತೆಯಲ್ಲಿ ಯಾರಾದರೂ ತಪ್ಪು ಹಿಡಿದರೆ ಇಡೀ ಓಣಿಗೆ ಕೇಳುವಂತೆ ಜಗಳಾಡುತ್ತಿದ್ದ ಬಾಯಿ ಇದು!

ಎಂಬತ್ತನೇ ಇಸವಿಯ ಆಚೀಚೆ ಇರಬೇಕು. ನೀನಿನ್ನೂ ಒಂದನೇ ಕ್ಲಾಸು. ಕೊಟ್ಟೂರಿನಲ್ಲಿ ನಮ್ಮದೂ ನಿಮ್ಮದೂ ಒಂದೇ ಗೋಡೆಯ ಮನೆ. ಮದುವೆಯಾಗಿ ಬಹಳ ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಮನೆಯಲ್ಲೇ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದೆ. ನನ್ನ ಯಜಮಾನರು ಹೊಸಪೇಟೆಯ ಇಂಜಿನಿಯರೊಬ್ಬರ ಮನೆಯಿಂದ ಒಂದು ಬಿಳಿ ಪಾಮೇರಿಯನ್ ಮರಿ ತಂದುಕೊಟ್ಟರು. ಓಣಿಯವರು ಅದನ್ನು 'ಹತ್ತಿ ಉಂಡಿ' ಎಂದು ನಕ್ಕರು. ನಾನು ಮುತ್ತು ಎಂದು ಕರೆದೆ.

ಮುತ್ತು ಕೂತಲ್ಲಿ ಕೂರುವ ಪ್ರಾಣಿಯಲ್ಲ. ಬಂದವರ ಹಿಮ್ಮಡಿ, ಸೀರೆಯ ಅಂಚು, ಧೋತರದ ಚುಂಗು — ಆಟಕ್ಕೆ ಬಿತ್ತೆಂದರೆ ಎಲ್ಲಕ್ಕೂ ಬಾಯಿ ಹಾಕುತ್ತಿತ್ತು. ಸೂಜಿಯ ಮೊನೆಯಂಥ ಹಾಲುಹಲ್ಲು. ಮರಿ ಕೊಡುವಾಗಲೇ ಇಂಜಿನಿಯರರ ಹೆಂಡತಿ ನನ್ನ ಯಜಮಾನರಿಗೆ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಬೇಕು, ಮುಖ ತಿರುಗಿಸಿ ಸುಮ್ಮನೆ ಕೂರಬೇಕು, ಕಚ್ಚಲು ಬಟ್ಟೆಯ ಗಂಟು ಕೊಡಬೇಕು, ಕೈ ಮಾತ್ರ ಕೊಡಬಾರದು. ನನ್ನ ಮನೆಯಲ್ಲಿ ಬಟ್ಟೆಯ ಚೂರಿಗೇನು ಬರವೇ? ಆದರೂ ನಾನು ಕೈಯನ್ನೇ ಕೊಟ್ಟೆ. ಅದರ ಮುಂದೆ ಬೆರಳು ಕುಣಿಸುವುದು, ಅದು ಗಬಕ್ಕನೆ ಹಿಡಿಯುವುದು, ನಾನು 'ಅಯ್ಯೋ ಕಳ್ಳಾ' ಎಂದು ನಗುವುದು. ಕಚ್ಚಿದಷ್ಟೂ ಮುದ್ದು ಮಾಡಿದೆ. ನೀನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ.

ಆ ಸಂಜೆ ನಾನು ಮಿಷನ್ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. ನೀನೂ ಬೆರಳು ಕುಣಿಸಿರಬೇಕು — ನೋಡಿ ಕಲಿತದ್ದನ್ನೇ ಮಾಡಿದೆ. ಚೀರಿದ್ದು ಕೇಳಿ ತಿರುಗಿದರೆ ನಿನ್ನ ಬೆರಳ ಬುಡದಲ್ಲಿ ಎರಡು ರಕ್ತದ ಹನಿ. ನಿಮ್ಮ ಅಜ್ಜಿ ಗಾಯಕ್ಕೆ ಖಾರದಪುಡಿ ಒತ್ತಿ, ಅದೇ ಸಂಜೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಏಳು ಬಾವಿ ಇಣುಕಿಸಲು ಹೊರಟರು. ನಾಯಿಯ ವಿಷ ಇಳಿಯುತ್ತದೆ ಎಂಬ ನಂಬಿಕೆ. ಮರುದಿನ ನಿಮ್ಮವ್ವ ಶಾಂತಮ್ಮ ನಿನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಬಹಳ ಸರಳವಾಗಿ ಹೇಳಿದರು — ಮರಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ. ಚೆನ್ನಾಗಿದ್ದರೆ ಮಗುವಿಗೆ ಏನೂ ಬೇಡ. ನಾಯಿ ಕಣ್ಣಿಗೇ ಸಿಗದಿದ್ದರೆ ಮಾತ್ರ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತಪ್ಪದು.

ನಿಮ್ಮಪ್ಪ ನಮ್ಮ ಕಟ್ಟೆಯ ಮುಂದೆ ನಿಂತು ಅಂದಿದ್ದು ಇಷ್ಟು: "ಹತ್ತು ದಿನ ಇರ್ಲಿ. ಹನ್ನೊಂದನೇ ದಿನ ನಾನ ಬಡದು ಹಾಕ್ತೀನಿ. ಯಾರ್ ಅಡ್ಡ ಬರ್ತೀರಿ, ಬರ್ರಿ."

ಅವನು ಹೇಳಿದ್ದನ್ನು ಮಾಡುವ ಮನುಷ್ಯ. ಓಣಿಯ ಬೇರೆ ನಾಯಿಗಳ ಗತಿ ನಾನು ಕಂಡಿದ್ದೆ. ಆದರೆ ಹತ್ತು ದಿನ ಕಾದು, ಆಮೇಲೆ ಮರಿಯನ್ನು ಸಾಗಿಸಬಹುದಿತ್ತಲ್ಲ — ಈಗ ಇಷ್ಟು ಸಲೀಸಾಗಿ ಹೊಳೆಯುತ್ತದೆ. ಆಗ ಹೊಳೆಯಲಿಲ್ಲವೇ? ಹೊಳೆದಿತ್ತು. ಕುಡಿಯುವ ಮನುಷ್ಯ, ಹತ್ತು ದಿನ ತಡೆಯುತ್ತಾನೆಂದು ಯಾರು ಕಂಡರು ಎಂದುಕೊಂಡೆ. ಸೂಜಿ ತಾನೆ, ಮಗು ನಾಲ್ಕು ದಿನ ಅತ್ತು ಮರೆಯುತ್ತದೆ ಎಂದುಕೊಂಡೆ. ನಿನ್ನನ್ನೂ ಅದನ್ನೂ ತಕ್ಕಡಿಯಲ್ಲಿಟ್ಟು ತೂಗಿದೆ ಗಿರಿಜಾ. ಅದನ್ನು ಆರಿಸಿಕೊಂಡೆ.

ಮರಿಯನ್ನು ಚೀಲದಲ್ಲಿ ಹಾಕಿ, ಮೇಲೆ ಬಟ್ಟೆಯ ಚೂರು ಮುಚ್ಚಿ, ಬೆಳಗಿನ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋಗಿಬಂದೆ. ಹೊರಡುವ ಮೊದಲೇ ಅದನ್ನು ಕಟ್ಟಿದ್ದ ಹಗ್ಗವನ್ನು ನನ್ನ ಕತ್ತರಿಯಿಂದ ತುಂಡರಿಸಿದ್ದೆ. ತುದಿ ನುಣ್ಣಗಿತ್ತು, ಯಾರು ನೋಡಿದರೂ ಗೊತ್ತಾಗುತ್ತಿತ್ತು. ಆಗ ನಾನು — ಹೇಳಲು ಅಸಹ್ಯವಾಗುತ್ತದೆ — ಅದನ್ನು ಬಾಯಿಗಿಟ್ಟು, ನಾಯಿ ಕಡಿದಂತೆ ಕಾಣುವವರೆಗೆ ಹಲ್ಲಿನಿಂದ ಕಡಿದೆ. ಬಂದವಳೇ ಅದನ್ನು ನಿಮ್ಮವ್ವನಿಗೆ ತೋರಿಸಿ, "ಹಗ್ಗ ಕಡಕೊಂಡು ಓಡಿ ಹೋಗೈತಿ ನೋಡವ್ವ, ಹುಡುಕಿ ಹುಡುಕಿ ಸಾಕಾತು," ಎಂದು ಅತ್ತೆ. ಕಣ್ಣೀರು ಸುಳ್ಳಲ್ಲ. ಮುತ್ತು ಇಲ್ಲದ ಮನೆ ನೋಡಿ ನಿಜವಾಗಿಯೇ ಅಳು ಬಂದಿತ್ತು.

ಇಂಜೆಕ್ಷನ್ ಶುರುವಾಯಿತು. ನಿಮ್ಮವ್ವ ಮೊದಲ ದಿನವೇ ಕಣ್ಣು ಕತ್ತಲೆ ಬಂದು ಕುಸಿದಳು. "ನೀವ ಬರ್ರಿ, ಅಕ್ಕಾರ. ನನ್ ಕೈಲಿ ಆಗಂಗಿಲ್ಲ," ಎಂದಳು. ಹೇಗೆ ಇಲ್ಲ ಅನ್ನಲಿ? ದಿನವೂ ನಿನ್ನ ಜೊತೆ ಆಸ್ಪತ್ರೆಗೆ ಬಂದೆ. ನಿನ್ನ ಕಾಲುಗಳನ್ನು ಅಮುಕಿ ಹಿಡಿದವಳು ನಾನು. ಹೊಟ್ಟೆಯ ಚರ್ಮವನ್ನು ಎತ್ತಿ ಹಿಡಿದು ಅಷ್ಟು ದೊಡ್ಡ ಸೂಜಿ ಇಳಿಸುತ್ತಿದ್ದರು. ಹಿಂದಿನ ದಿನದ ಗಂಟು ಕರಗುವ ಮೊದಲೇ ಪಕ್ಕದಲ್ಲಿ ಇನ್ನೊಂದು. ಒಂದು ಮಾತು, ಒಂದೇ ಮಾತು ಅಂದಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ನಡುವೆ ಒಂದು ದಿನ ಹರಪನಹಳ್ಳಿಯಿಂದ ಅಕ್ಕನ ಗಂಡ, ಭಾವ, ಬಂದು, ಮರಿ ಚೆನ್ನಾಗಿದೆ, ತನ್ನ ಧೋತರ ಹರಿದಿದೆ ಎಂದು ನಗುತ್ತಾ ಹೇಳಿದರು. ನನಗೆ ಸಂತೋಷವಾಯಿತು ಗಿರಿಜಾ. ಸಂತೋಷ! ಮರುದಿನ ಮತ್ತೆ ಬಂದು ನಿನ್ನ ಕಾಲು ಹಿಡಿದುಕೊಂಡೆ.

ಬರುವಾಗ ಹೊಟ್ಟೆ ಹಿಡಿದು ಬಗ್ಗಿ ಬಗ್ಗಿ ನಡೆಯುತ್ತಿದ್ದವಳು ಒಮ್ಮೆ ನಿಂತು ಕೇಳಿದೆ: "ದೊಡ್ಡವ್ವ, ಮುತ್ತಗ ಈಗ ಅನ್ನ ಯಾರ್ ಹಾಕ್ತಾರ?"

"ಯಾರರ ಹಾಕ್ತಾರ, ನಡಿ," ಎಂದೆ.

ಮುಂದೆ ಮುತ್ತು ಅಲ್ಲಿಯೇ ಬೆಳೆದು, ಅಲ್ಲಿಯೇ ಮುದಿಯಾಗಿ ಸತ್ತಿತು. ಅಕ್ಕ ಅದಕ್ಕೆ ಕಚ್ಚದಂತೆ ಕಲಿಸಲು ಒಂದು ತಿಂಗಳೂ ಹಿಡಿಯಲಿಲ್ಲವಂತೆ. ನಾನು ಹೋದಾಗಲೆಲ್ಲ ಓಡಿಬಂದು ಕೈ ನೆಕ್ಕುತ್ತಿತ್ತು, ನಾನು ಕೈ ಹಿಂದೆಳೆದುಕೊಳ್ಳುತ್ತಿದ್ದೆ. ಬರಬರುತ್ತ ಅಕ್ಕನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ನನ್ನ ಯಜಮಾನರಿಗೂ ಮರಿ ಓಡಿಹೋಯಿತೆಂದೇ ಹೇಳಿದ್ದೆ; ನಿಜ ಗೊತ್ತಾದ ದಿನ ಅವರು ಊಟ ಬಿಟ್ಟು ಎದ್ದರು. 

ಇಷ್ಟೇ ಆಗಿದ್ದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೋ ಏನೋ. ಹೋದ ತಿಂಗಳು ನೀನು ಹಗರಿಬೊಮ್ಮನಹಳ್ಳಿಯಿಂದ ನನ್ನನ್ನು ನೋಡಲೆಂದೇ ಬಂದೆ. ಈಗ ಟೀಚರಮ್ಮ, ತಲೆಯಲ್ಲಿ ಎರಡು ಬಿಳಿಕೂದಲೂ ಇವೆ. ಚಹಾ ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಹೇಳಿದೆ:

"ದೊಡ್ಡವ್ವ, ಸಣ್ಣಾಕಿದ್ದಾಗಿಂದ ಒಂದು ಮಾತು ಹೇಳ್ಬೇಕಂತ ಐತಿ. ಅವತ್ತು ಮುತ್ತು ತಾನಾಗಿ ಕಡೀಲಿಲ್ಲ. ನಾನ ಅದರ ಬಾಯಾಗ ಬೊಟ್ಟು ಇಟ್ಟಿದ್ದೆ. ಅಪ್ಪ ಹೊಡೀತಾನಂತ ಹೇಳ್ಲಿಲ್ಲ. ನನ್ನಿಂದ ಅದು ಓಡಿ ಹೋತು. ನಿಮಗ ಅದ ಕೂಸಿದ್ದಂಗ ಇತ್ತು... ನಂದು ತಪ್ಪಾತು."

ಇಷ್ಟು ವರ್ಷ ನೀನು ಅದನ್ನು ಹೊತ್ತಿದ್ದೆ. ಅಷ್ಟು ಸೂಜಿಗಳನ್ನೂ ನಿನ್ನ ತಪ್ಪಿಗೆ ಸಿಕ್ಕ ಶಿಕ್ಷೆ ಎಂದೇ ತಿಳಿದಿದ್ದೆ. ಮತ್ತು ನಾನು — ಆಗಲಾದರೂ ಹೇಳಬಹುದಿತ್ತು, ಬಾಯಿ ತೆರೆದೆ ಕೂಡ — ನಿನ್ನ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡವ್ವ, ನಾನು ಯಾವಾಗೋ ಮರ್ತೀನಿ," ಎಂದೆ. ನಾನು ನಿನ್ನನ್ನು ಕ್ಷಮಿಸಿದೆ. ನೀನು ಕಣ್ಣೊರೆಸಿಕೊಂಡು, ನನ್ನ ಕಾಲು ಮುಟ್ಟಿ, ಹಗುರಾಗಿ ಬಸ್ಸಿಗೆ ಹೋದೆ.

ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಬರುವ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಹೊಸ್ತಿಲಾಚೆ ನಿಂತೇ, ನೀನು 'ಬರ್ರಿ' ಅನ್ನುವ ಮೊದಲೇ, ಈಗ ಮನಸ್ಸಿನಲ್ಲೇ ನಿನಗೆ ಹೇಳಿಕೊಂಡ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು.