ಕಡ್ಡಿ ಎತ್ತಿದರೆ ಕತ್ತರಿ
ಕಾನ್ಸಾಸ್‌ನ ನಮ್ಮೂರ ಸೆನ್ಸಾರ್ ಕಮಿಟಿಯ ಮಿಸೆಸ್ ಪ್ರೂಯಿಟ್ ಮೂಕಿ ಚಿತ್ರ ನೋಡುವುದು ಸ್ವೆಟರ್ ಹೆಣೆಯುತ್ತಲೇ. ಮುತ್ತು ಕಂಡರೆ ಸಾಕು, ಹೆಣೆಯುವ ಕಡ್ಡಿ ಎತ್ತಿ "ಕತ್ತರಿಸಪ್ಪಾ!" ಎನ್ನುತ್ತಾರೆ; ಪ್ರೊಜೆಕ್ಟರ್ ನಡೆಸುವ ನಾನು ಕತ್ತರಿಸುತ್ತೇನೆ. ಮೊಣಕಾಲಿಗೆ ಕತ್ತರಿ, ಹೆಂಡದ ಬಾಟಲಿಗೆ ಕತ್ತರಿ. ಒಮ್ಮೆ ಹಸುವಿನ ಹಾಲು ಕರೆಯುವುದಕ್ಕೂ ಕತ್ತರಿ ಬಿತ್ತು. ಕಳ್ಳ ಧರ್ಮಬೋಧಕನೊಬ್ಬನ ಕತೆಯನ್ನು ನಿರ್ಮಾಪಕ ಮೂರನೇ ಸಲ ಚಿತ್ರದ ಹೆಸರು ಬದಲಿಸಿ ತಂದಾಗ, "ಹೆಸರು ಬದಲಿಸಿದ್ರೆ ಕಳ್ಳ ಸಂತ ಆಗ್ತಾನೇನ್ರೀ?" ಎಂದು ಅರ್ಧ ಚಿತ್ರವನ್ನೇ ಕಸದ ಬುಟ್ಟಿಗೆ ಹಾಕಿಸಿದರು. ಉಳಿದರ್ಧದಲ್ಲಿ, ರೋಗ ವಾಸಿ ಮಾಡುತ್ತೇನೆಂದು ಬೋಧಕ ಹೆಂಗಸರ ಮದುವೆಯ ಉಂಗುರಗಳನ್ನು ಟೋಪಿಗೆ ಹಾಕಿಸಿಕೊಳ್ಳುವ ದೃಶ್ಯ ಬಂತು. "ಧರ್ಮಕ್ಕೇ ಅವಮಾನ, ತೆಗೀರಿ!" ಎಂದರು ಪಕ್ಕದಲ್ಲಿದ್ದ ಕಮಿಟಿಯ ಪಾದ್ರಿ. ನಾನು ಕತ್ತರಿ ಹಿಡಿದೆ. ಮಿಸೆಸ್ ಪ್ರೂಯಿಟ್ ಹೆಣೆಯುವುದನ್ನು ನಿಲ್ಲಿಸಿ, ಉಂಗುರವಿಲ್ಲದ ತಮ್ಮ ಬೆರಳನ್ನು ಸವರಿಕೊಂಡರು. "ಅದು ಇರ್ಲಪ್ಪ. ನೋಡಿದವರ ಉಂಗುರವಾದ್ರೂ ಉಳೀಲಿ."