ಪಾಲೆ ಮರ ಮತ್ತು ನನ್ನ ಮೂಗು

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಎಲ್ಲೆಲ್ಲಿಂದಲೋ ಕೆಂಪು ಎಲೆಗಳ ಪಟಗಳು ಬಂದು ಬೀಳುತ್ತವೆ. ಎಲೆ ಉದುರುವ ಕಾಲವಂತೆ. ನಮ್ಮ ಡೊಂಬಿವಲಿಯಲ್ಲಿ ಆಗ ಉದುರುವುದು ಬೆವರು ಮಾತ್ರ. ಪಂಚಾಂಗದಲ್ಲಿ ಶರದೃತು ಎಂದಿರುತ್ತದೆ, ಮರಗಳೆಲ್ಲ ಮಳೆಯಲ್ಲಿ ಮಿಂದು ಹಸಿರಾಗಿ ನಿಂತಿರುತ್ತವೆ. ಕಾಡುಬಾದಾಮಿ ಕೆಂಪಾಗುವುದು ಡಿಸೆಂಬರ್ ದಾಟಿದ ಮೇಲೆ, ಅರಳಿ ಮರ ಬೋಳಾಗುವುದು ಹೋಳಿಯ ಹೊತ್ತಿಗೆ. ಹಾಗಾದರೆ ನಮ್ಮ ಶರತ್ಕಾಲ ಯಾವುದು ಮಾರಾಯ್ರೆ? ಇಷ್ಟು ವರ್ಷ ಪಟ ತೆಗೆದರೂ ನನಗೆ ಗೊತ್ತಾಗಿಲ್ಲ.

ಪಟದ ಹುಚ್ಚು ಹಿಡಿದದ್ದು ಮೂಗು ಹೋದ ಮೇಲೆ. ಮೂಗು ಮುಖದಲ್ಲೇ ಉಂಟು, ವಾಸನೆ ಹೋದದ್ದು. ಎಲ್ಲರಿಗೂ ಬಂದ ಆ ಜ್ವರ ನನಗೂ ಬಂತು, ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಉಳಿದವರಿಗೆಲ್ಲ ತಿಂಗಳಲ್ಲಿ ವಾಪಸು ಬಂತು. ನನಗೆ ಬರಲಿಲ್ಲ.

ಇನ್ನೊಬ್ಬರಿಗಾದರೆ ದೊಡ್ಡ ಸಂಗತಿಯಲ್ಲವೇನೋ. ನಮ್ಮದು ಉಡುಪಿ ಹೋಟೆಲು, ಸ್ಟೇಷನ್ ಹತ್ತಿರ. ಮದುವೆಯಾಗಿ ಬಂದಾಗಿನಿಂದ ಅಲ್ಲಿನ ಸಾಂಬಾರ್ ಪುಡಿ ನನ್ನ ಕೈಯದ್ದು. ಕೊತ್ತಂಬರಿ ಹುರಿಯುವಾಗ ಹಸಿ ವಾಸನೆ ಹೋಗಿ ಘಮ ಏಳುವ ಒಂದು ಗಳಿಗೆ ಇರುತ್ತದೆ. ಆಗ ಬಾಣಲೆ ಇಳಿಸಬೇಕು. ತಡವಾದರೆ ಕಹಿ, ಬೇಗ ಇಳಿಸಿದರೆ ಹುಲ್ಲು. ಜ್ವರ ಬಿಟ್ಟ ಮೇಲೆ ಎರಡು ಸಲ ಸೀಯಿಸಿದೆ. ನಮ್ಮ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅದರ ಬದಲು ಪುಡಿಯ ಕೆಲಸವನ್ನು ಮೆಲ್ಲಗೆ ಹೋಟೆಲಿನ ಭಟ್ಟರಿಗೆ ಒಪ್ಪಿಸಿ, "ನೀನು ಸ್ವಲ್ಪ ವಾಕಿಂಗ್ ಮಾಡು, ಆರೋಗ್ಯಕ್ಕೆ ಒಳ್ಳೆಯದು" ಅಂದರು.

ಆಯಿತು, ವಾಕಿಂಗ್ ಹೊರಟೆ. ಮೂಗಿಗೆ ಕೆಲಸ ಇಲ್ಲ, ಕಣ್ಣಾದರೂ ದುಡಿಯಲಿ ಎಂದು ಕಂಡದ್ದರ ಪಟ ತೆಗೆಯತೊಡಗಿದೆ. ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆಯ ಮೇಲಿನ ಆಕಾಶ. ಠಾಣೆಯ ಕೆರೆಯಲ್ಲಿ ತಲೆಕೆಳಗಾದ ಮೋಡ. ಶಹಾಡ್ ಕಡೆ ಒಂದು ಸಂಜೆ ಆಕಾಶ ಕೆಂಪಗೆ ಹೊಳೆಯಿತು. ಅದು ಸೂರ್ಯನದ್ದೋ ಕಾರ್ಖಾನೆಯದ್ದೋ ತಿಳಿಯದೆ ಎರಡು ಕಡೆ ತಿರುಗಿ ಎರಡು ಪಟ ತೆಗೆದೆ, ಮನೆಗೆ ಬಂದು ನೋಡಿದರೆ ಯಾವುದು ಯಾವುದೆಂದೇ ಗೊತ್ತಾಗಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರದ ಮೂಗಿನ ಡಾಕ್ಟರ ಹತ್ತಿರ ಹೋದ ದಿನಗಳಲ್ಲಿ ಅಲ್ಲಿನ ಅಗಲ ರಸ್ತೆಗಳಲ್ಲಿ ಸುತ್ತುತ್ತಿದ್ದೆ. ಕ್ಲಿನಿಕ್ಕಿನ ಎದುರು ಒಂದು ಕಾಡುಬಾದಾಮಿ ಉಂಟು. ಅದರ ಎಲೆ ಹಸಿರಿನಿಂದ ಹಳದಿಗೆ, ಹಳದಿಯಿಂದ ತಾಮ್ರಕ್ಕೆ ತಿರುಗುವುದನ್ನು ಹೋದಾಗಲೆಲ್ಲ ಹಿಡಿದಿಟ್ಟೆ. ನಿನ್ನೆಯ ಹಳದಿ ಇವತ್ತಿನ ಹಳದಿಯಲ್ಲ ಎಂದು ತಿಳಿಯಲು ಬಹಳ ಹೊತ್ತು ನಿಂತು ನೋಡಬೇಕಾಗುತ್ತದೆ. ಡಾಕ್ಟರು ಮಾತ್ರ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: ಲವಂಗ ಮೂಸಿ, ನಿಂಬೆ ಮೂಸಿ, ತಾಳ್ಮೆ ಇರಲಿ. ತಾಳ್ಮೆ ನನ್ನ ಹುಟ್ಟುಗುಣವಲ್ಲ.

ಹೋದ ವರ್ಷದ ಅಕ್ಟೋಬರಿನಲ್ಲಿ ಒಂದು ಸಂಜೆ ಪಟ ತೆಗೆದು ಮನೆಗೆ ಬರುತ್ತಿದ್ದೆ. ನಮ್ಮ ಬಿಲ್ಡಿಂಗಿನ ಗೇಟಿನ ಹತ್ತಿರ ಒಂದು ಪಾಲೆ ಮರ ಉಂಟು, ಘಟ್ಟದ ಮೇಲಿನವರು ಹಾಲೆ ಅನ್ನುತ್ತಾರೆ. ಮಳೆ ಹೋದ ಮೇಲೆ ಅದು ಸಣ್ಣ ಸಣ್ಣ ಹಸಿರು ಬಿಳುಪಿನ ಹೂ ಬಿಡುತ್ತದೆ. ಅದರ ಕೆಳಗೆ ಬಂದಾಗ ಎಂತದೋ ಒಂದು ಮೂಗಿನೊಳಗೆ ಸುಳಿಯಿತು. ತೆಳ್ಳಗೆ, ಸಿಹಿಯಾಗಿ. ಕಾಲು ಅಲ್ಲೇ ನಿಂತುಬಿಟ್ಟಿತು. ಇದು ವಾಸನೆಯಾ, ವಾಸನೆಯ ನೆನಪಾ?

ಅಷ್ಟರಲ್ಲಿ ಎದುರು ಮನೆಯ ಹುಬ್ಬಳ್ಳಿಯ ಬಾಯಿಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. "ಅಕ್ಕಾರ, ಈ ಗಿಡದ ನಾತಕ್ಕ ತಲಿ ಸಿಡ್ಯಾಕ ಹತ್ತೈತಿ ನೋಡ್ರಿ."

"ವಾಸನೆ ಬರ್ತಾ ಉಂಟಾ? ನಿಜಕ್ಕೂ ಉಂಟಾ?" ಎಂದು ನಾನು ಅವರ ಕೈ ಹಿಡಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆರಾಮ ಅದೀರಿಲ್ಲೋ?" ಅಂದರು.

ಮಾರನೆಯ ದಿನವೂ ನಿಂತೆ. ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. ಹೂ ಮುಗಿಯಿತು, ಮೂಗು ಮತ್ತೆ ಗೋಡೆಯಾಯಿತು. ಯಾರಿಗೂ ಹೇಳಲಿಲ್ಲ, ನಮ್ಮ ಯಜಮಾನರಿಗೂ. ಬಂತು ಅಂದರೆ ನಾಳೆಯೇ ಬಾಣಲೆ ಮುಂದೆ ನಿಲ್ಲಿಸುತ್ತಾರೆ. ನಾನು ಮತ್ತೆ ಸೀಯಿಸಿದರೆ? ಆ ಮೌನವನ್ನು ಎರಡನೇ ಸಲ ತಡೆಯುವ ಶಕ್ತಿ ನನಗಿರಲಿಲ್ಲ. ಮುಂದಿನ ಹೂವಿಗೆ ಕಾಯುವುದು ಎಂದುಕೊಂಡೆ. ವರ್ಷವಿಡೀ ಆ ಮರದ ಪಟ ತೆಗೆದೆ. ಫೋನ್ ತುಂಬ ಅದೇ ಮರ.

ಈ ವರ್ಷ ಆಷಾಢದ ಕೊನೆಗೆ ಆಟಿ ಅಮಾವಾಸ್ಯೆ ಬಂತು. ಆ ದಿನ ಸೂರ್ಯ ಹುಟ್ಟುವ ಮೊದಲು ಪಾಲೆಯ ತೊಗಟೆಯ ಕಷಾಯ ಕುಡಿಯುವುದು ನಮ್ಮ ತುಳುವರ ಪದ್ಧತಿ, ಮಳೆಗಾಲದ ರೋಗಗಳಿಗೆ ಮದ್ದೆಂದು. ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕಬ್ಬಿಣ ತಾಗಿಸಬಾರದು. ಊರಲ್ಲಿ ಗಂಡಸರು ಬೆತ್ತಲೆ ಹೋಗಿ ತರಬೇಕಂತೆ. ಇಲ್ಲಿ ವಾಚ್‌ಮ್ಯಾನ್ ಇರುವ ಕಾರಣ ಇವರು ಬರ್ಮುಡಾ ಹಾಕಿಕೊಂಡು ಹೋಗುತ್ತಾರೆ. ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ಜೀವಕ್ಕೇ ಅಪಾಯ. ಹಾಗಾಗಿ ಹಿಂದಿನ ಸಂಜೆಯೇ ಗುರುತಿಗೆ ಮರಕ್ಕೊಂದು ದಾರ ಕಟ್ಟಿ ಬರುವುದು. ಈ ವರ್ಷವೂ ಕಟ್ಟಿದರು, ತಂದರು, ಕುಡಿದೆವು, ಮೇಲಿಂದ ಮೆಂತೆ ಗಂಜಿ ಉಂಡೆವು.

ಗಣಪತಿ ಹಬ್ಬ ಮುಗಿದ ಮೇಲೆ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಮರದ ಸುದ್ದಿ ಬಂತು. ಒಬ್ಬರಿಗೆ ದಮ್ಮು, ಒಬ್ಬರಿಗೆ ತಲೆನೋವು, ಹೂ ಬಿಡುವ ಮೊದಲೇ ಕಡಿಸೋಣ, ಪರವಾನಗಿಯೂ ಬಂದಿದೆ ಅಂದರು ಸೆಕ್ರೆಟರಿ. "ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರಾ ಯಾರಾದರೂ?" ಎಂದು ನಾನು ಕನ್ನಡದಲ್ಲೇ ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಹೇಳುವುದಾದರೂ ಎಂತ ಹೇಳುವುದು? ನನ್ನ ಮೂಗಿಗೆ ಈ ಮರ ಬೇಕು ಅಂತಲಾ? ಇವರು ಪಕ್ಕದಲ್ಲಿ ಕೂತು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಕಡಿಯುವವರು ಬಂದ ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಗೇಟಿಗೆ ಬರುತ್ತಿದ್ದೆ. ಹಗ್ಗ, ಗರಗಸ ಎಲ್ಲ ಕೆಳಗೆ ಇಟ್ಟು ಸುಮ್ಮನೆ ನಿಂತಿದ್ದರು. ಮುಖ್ಯಸ್ಥ ಮರದ ಬೊಡ್ಡೆ ತೋರಿಸಿ ಮರಾಠಿಯಲ್ಲಿ ಕೇಳಿದ, ಈ ದಾರ ಯಾರದ್ದು, ಇದಕ್ಕೆ ಪೂಜೆ ನಡೆಯುತ್ತದಾ? ಈ ಕಡೆ ವಟಪೂರ್ಣಿಮೆಗೆ ಹೆಂಗಸರು ಆಲದ ಮರಕ್ಕೆ ಹೀಗೆಯೇ ದಾರ ಸುತ್ತುತ್ತಾರೆ. ಪೂಜೆಯ ಮರಕ್ಕೆ ಗರಗಸ ಹಾಕುವುದಿಲ್ಲ ಅಂದ ಅವನು.

ಸೆಕ್ರೆಟರಿ ನನ್ನನ್ನು ನೋಡಿದರು. ಅದು ತೊಗಟೆ ಸುಲಿಯಲು ಕಟ್ಟಿದ ಗುರುತು ಎನ್ನಲೇ? ಪೂಜೆ ಎನ್ನಲೇ? ಸುಲಿಯುವ ಮೊದಲು ಇವರು ಮರಕ್ಕೆ ಕೈಮುಗಿಯುವುದಂತೂ ಹೌದು.

"ಹೋ," ಅಂದೆ. "ದರ್ ವರ್ಷೀ." ಹೌದು, ಪ್ರತಿ ವರ್ಷ.

ಅವರು ರಸ್ತೆಗೆ ಬಾಗಿದ ನಾಲ್ಕು ಕೊಂಬೆ ಕಡಿದು ಹೊರಟುಹೋದರು. ವಾರದೊಳಗೆ ಮರದ ಬುಡದಲ್ಲಿ ಅರಿಶಿನ, ಕುಂಕುಮ, ಊದುಬತ್ತಿ! ಹುಬ್ಬಳ್ಳಿಯ ಬಾಯಿಯವರೇ ಮೊದಲು ಕಾಯಿ ಒಡೆದರು. "ಮೊದಲ ಹೇಳಬಾರದೇನ್ರಿ ಅಕ್ಕಾರ, ದೇವರ ಗಿಡಕ್ಕ ಬೈದು ಪಾಪ ಕಟ್ಟಿಕೊಂಡೆ" ಎಂದು ನನಗೇ ಗದರಿದರು. ನಾನು ಮಾಡಿದ್ದು ಪುಣ್ಯವೋ ಮೋಸವೋ, ಇವತ್ತಿಗೂ ತಿಳಿಯದು.

ಹೂ ಬಿಟ್ಟಿತು. ಓಡಿಹೋಗಿ ಕೆಳಗೆ ನಿಂತೆ. ಏನೂ ಇಲ್ಲ. ಮಾರನೆಯ ದಿನ ಏನೋ ಸುಳಿದ ಹಾಗಾಯಿತು, ಅದು ಹೂವೋ ಊದುಬತ್ತಿಯೋ, ನನ್ನ ಆಸೆಯೋ? ಫೋನ್ ಎತ್ತಿ ಆಕಾಶದ ಪಟ ತೆಗೆಯುವ ನೆಪ ಮಾಡಿದೆ. ಕಣ್ಣು ತುಂಬಿ ಏನೂ ಕಾಣಲಿಲ್ಲ.

"ಬಂತಾ?"

ಹಿಂದೆ ಇವರು ನಿಂತಿದ್ದರು. ಗಲ್ಲಾ ಬಿಟ್ಟು ಆ ಹೊತ್ತಿನಲ್ಲಿ ಬರುವ ಮನುಷ್ಯರೇ ಅಲ್ಲ.

"ಎಂತ ಬರುವುದು?" ಅಂದೆ.

"ಹೋದ ವರ್ಷ ಇಲ್ಲೇ ನಿಂತು ಮೂಗು ಅರಳಿಸ್ತಿದ್ದಿಯಲ್ಲ. ನಾನು ಬಾಲ್ಕನಿಯಲ್ಲಿದ್ದೆ."

ಆಗ ದಾರದ ಕಡೆ ಸರಿಯಾಗಿ ನೋಡಿದೆ. ಪ್ರತಿ ವರ್ಷ ಒಂದು ಸುತ್ತು ಕಟ್ಟಿ, ಕೆಲಸ ಮುಗಿದ ಕೂಡಲೇ ಬಿಚ್ಚಿ ತರುವವರು ಇವರು. ಈ ಸಲ ಮರದ ಸೊಂಟ ತುಂಬ ಸುತ್ತಿ ಗಂಟು ಹಾಕಿದ್ದರು. ಮರ ಕಡಿಸುವ ಮಾತು ಮೀಟಿಂಗಿಗೆ ಮೊದಲೇ ಹೋಟೆಲಿನಲ್ಲಿ ಚಹಾ ಕುಡಿಯುವವರ ಬಾಯಲ್ಲಿ ಓಡಾಡಿತ್ತಂತೆ.

"ಗೊತ್ತಾಗ್ತಾ ಇಲ್ಲ ರೀ," ಅಂದೆ. "ಬಂತೋ ಇಲ್ಲವೋ, ನಿಜಕ್ಕೂ ಗೊತ್ತಾಗ್ತಾ ಇಲ್ಲ."

"ಗೊತ್ತಾಗದಿದ್ರೆ ಬೇಡ ಮಾರಾಯ್ತಿ. ಭಟ್ಟರ ಪುಡಿ ತಿಂದು ನನಗೂ ಸಾಕಾಗಿದೆ. ನಾನು ಪಕ್ಕದಲ್ಲಿ ನಿಂತು ಹೇಳ್ತೇನೆ, ನೀನು ಹುರಿ."

ಮಾರನೆಯ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಒಲೆ ಹಚ್ಚಿದೆ. ಕೊತ್ತಂಬರಿಯ ಹಸಿರು ಹಳದಿಗೆ ಬಂತು, ಹಳದಿ ಇನ್ನೊಂದು ಹಳದಿಯಾಯಿತು. ಬೇಲಾಪುರದ ಆ ಎಲೆಯ ಹಳದಿ. ಇನ್ನೇನು ತಾಮ್ರಕ್ಕೆ ತಿರುಗಬೇಕು. ಇವರು ಒಲೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಮೂಗು ಮುಂದೆ ಚಾಚಿ ನಿಂತಿದ್ದರು.

"ಈಗ!" ಅಂದರು.

ಬಾಣಲೆ ಆಗಲೇ ನೆಲದ ಮೇಲಿತ್ತು. ಇಳಿಸಿದ್ದು ಕಣ್ಣೋ ಮೂಗೋ, ಕೈಯ ಹಳೇ ಅಭ್ಯಾಸವೋ, ನನಗೆ ಗೊತ್ತಿಲ್ಲ. ಇವರು ತಿರುಗಿ ನೋಡಿದರು, ಒಂದು ಕಾಳು ಬಾಯಿಗೆ ಹಾಕಿಕೊಂಡರು, ಭಟ್ಟರನ್ನು ಕರೆದು ಮುಂದೆ ಹುರಿಯಬೇಕಾದ ಮೆಣಸಿನ ಡಬ್ಬಿಯನ್ನು ನನ್ನ ಹತ್ತಿರ ಇಡಲು ಹೇಳಿದರು.